ಗೋಡೆಗೆ ಕಿವಿ ಹಚ್ಚುವ ಉಸ್ತಾದರು

ಮಂದಿ ಬಾಗಿಲು ಬಡಿಯುತ್ತಾರೆ. ಮೌಲಾಸಾಬ ಉಸ್ತಾದರು ಗೋಡೆ ಬಡಿಯುತ್ತಿದ್ದರು. ಬಲಗೈಯ ನಡುಬೆರಳನ್ನು ಮಡಚಿ, ಅದರ ಗಂಟಿನಿಂದ ಎರಡು ಸಲ ಟಕ್ ಟಕ್ ಅನಿಸಿ, ಟೋಪಿಯನ್ನು ಒಂದಿಷ್ಟು ಮೇಲೆ ಸರಿಸಿ, ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಷ್ಟು ಹೊತ್ತು ನಿಲ್ಲುತ್ತಿದ್ದರೆಂದರೆ, ಗೊತ್ತಿಲ್ಲದವರು ನೋಡಿದರೆ ಒಳಗಿನ ಜಗಳ ಕೇಳುತ್ತಿದ್ದಾರೆ ಎಂದೇ ತಿಳಿಯಬೇಕು. ಒಮ್ಮೆ ಸನಮಡಿಯ ಮುದುಕಿಯೊಬ್ಬಳು ಹಾಗೇ ತಿಳಿದು, "ಒಳಗ ಬಂದು ಕೇಳೋ ನಮ್ಮಪ್ಪಾ, ಹೊರಗ ನಿಂತ್ರ ಅರ್ಧಾನ ಕೇಳಸ್ತೈತಿ" ಎಂದಿದ್ದಳು. ಉಸ್ತಾದರು ಕಣ್ಣು ತೆರೆಯದೆ, "ನಿನ್ನ ಸೊಸೀದಲ್ಲ ಆಯಿ, ಗೋಡೀದು ಕೇಳಾಕ ಹತ್ತೀನಿ. ಇದೂ ನಿನ್ನ ಮ್ಯಾಲೆ ಭಾಳ ಸಿಟ್ಟಿಗೆದ್ದೈತಿ" ಅಂದರು. ಮುದುಕಿ ನಕ್ಕು ಚಹಾ ಇಟ್ಟಳು.

ಆ ಬೆರಳಿನ ಗಂಟಿನ ಮೇಲೆ ಶೇಂಗಾಕಾಳಿನಷ್ಟು ಜಡ್ಡುಗಟ್ಟಿತ್ತು. ಅಂಗಿಯ ಬಲಗಡೆಯ ಕಿಸೆಯಲ್ಲಿ ಯಾವಾಗಲೂ ದಾರ ಸುತ್ತಿದ ಹಿತ್ತಾಳೆಯ ಗುಂಡು ಇರುತ್ತಿತ್ತು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಇಳಿಬಿಟ್ಟು ನೋಡುವ ಗುಂಡು ಅದು. ಅದರ ಭಾರಕ್ಕೆ ಅಂಗಿ ಒಂದು ಬದಿಗೆ ಜೋತುಬಿದ್ದು, ತಾಲೂಕಿನ ಗೋಡೆಗಳನ್ನೆಲ್ಲ ನೆಟ್ಟಗೆ ಮಾಡಿದ ಉಸ್ತಾದರು ತಾವು ಮಾತ್ರ ವಾರೆಯಾಗಿ ನಡೆಯುವವರಂತೆ ಕಾಣುತ್ತಿದ್ದರು.

ಅವರು ಜತ್ತ ತಾಲೂಕಿನ ಮಾಡಗ್ಯಾಳದವರು. ನಾನು ಸೊರಡಿಯವನು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಅವರ ಕೈಕೆಳಗೆ ಸೇರಿದೆ. ಗವಂಡಿ ಕೆಲಸ, ಅಂದರೆ ಕಲ್ಲು ಇಡುವುದು, ಇಟ್ಟಂಗಿ ಕಟ್ಟುವುದು, ಗಿಲಾವು ಮಾಡುವುದು, ಎಲ್ಲ ಅವರು ಕಲಿಸಿದ್ದು. ಇವತ್ತು ಸೊರಡಿಯಿಂದ ಜತ್ತದ ದಾರಿಯುದ್ದಕ್ಕೂ ನಾನು ಕಟ್ಟಿದ ಮನೆಗಳಿವೆ, ಒಂದೂ ಸೋರಿಲ್ಲ. ಹೀಗೆ ಹೇಳಿಕೊಳ್ಳುವ ಚಟ ನನಗೆ ಮೊದಲಿನಿಂದ ಇದೆ. ಈ ಬರಹದಲ್ಲಿ ಹೇಳಿಕೊಳ್ಳುವುದು ಇದೊಂದೇ ಸಲ.

ಉಸ್ತಾದರು ಬೈಯುತ್ತಿರಲಿಲ್ಲ. ಕೆಲಸ ಕೆಟ್ಟರೆ ಗೋಡೆ ಬಡಿದ ಬೆರಳಿನಿಂದಲೇ ನಮ್ಮ ತಲೆ ಬಡಿದು, ಕಿವಿ ಹಚ್ಚಿದಂತೆ ಮಾಡಿ, "ಪೊಳ್ಳ ಐತಿ" ಅನ್ನುತ್ತಿದ್ದರು. ಕೆಲಸ ಚೆನ್ನಾದ ದಿನವೂ ಬಡಿಯುತ್ತಿದ್ದರು. "ಇವತ್ತ ಒಂದೀಟ ತುಂಬೇತಿ" ಅನ್ನುತ್ತಿದ್ದರು. ಆ ಎರಡನೆಯ ಮಾತಿಗಾಗಿ ನಾನು ಬಿಸಿಲಿನಲ್ಲಿ ಊಟ ಬಿಟ್ಟು ಕೆಲಸ ಮಾಡಿದ್ದಿದೆ.

ಅವರು ಒಂದು ಮನೆಯ ಬಗ್ಗೆ ಏನಾದರೂ ಹೇಳುವ ಮುಂಚೆ ಎರಡು ಕೆಲಸ ಮಾಡಬೇಕಿತ್ತು. ಮೊದಲು ಆ ಮನೆಯ ನೀರು ಕುಡಿಯಬೇಕು. ಆಮೇಲೆ ಗೋಡೆ ಗೋಡೆಗೂ ನಿಂತು, "ಇದು ಯಾರ ಕೈ?" ಎಂದು ಕೇಳಬೇಕು. ಯಾರು ಕಟ್ಟಿದರು ಎಂದಷ್ಟೇ ಅದರ ಅರ್ಥವಲ್ಲ. ಯಾರು ಕಲ್ಲು ಹೊತ್ತರು, ಯಾರು ಉಸುಕು ಸೋಸಿದರು, ಮುಖ್ಯವಾಗಿ ಯಾರು ನೀರು ಹೊಡೆದರು. ಹೊಸ ಗೋಡೆ ಒಂದು ವಾರ, ಸ್ಲ್ಯಾಬು ಮೂರು ವಾರ ಹಸಿಯಾಗಿ ಇರಬೇಕು. ನಮ್ಮ ಕಡೆಯ ಬಿಸಿಲಿಗೆ ಹೊತ್ತಿಗೆ ಸರಿಯಾಗಿ ನೀರು ಬೀಳದಿದ್ದರೆ ಸಿಮೆಂಟು ಬರೀ ಬೂದಿ. ಗವಂಡಿ ಕಟ್ಟಿ ಹೋಗಿಬಿಡುತ್ತಾನೆ, ನೀರು ಹೊಡೆಯುವವರು ಮನೆಯ ಹೆಂಗಸರು. ಉಸ್ತಾದರು ಅದಕ್ಕೇ ಗಂಡಸು "ನಾ ಕಟ್ಟಿಸಿದ್ರಿ" ಅಂದರೆ ತಲೆ ಅಲ್ಲಾಡಿಸಿ, ಅಡಿಗೆಮನೆಯ ಕಡೆ ಮುಖ ಮಾಡಿ, "ನೀರ ಯಾರ ಹೊಡದೀರವಾ?" ಎಂದು ಕೂಗುತ್ತಿದ್ದರು.

ಇನ್ನೊಂದು ರೂಢಿ ಅವರದು ಕುರಿಗಾರರಿಂದ ಬಂದದ್ದು. ಮಾಡಗ್ಯಾಳದಲ್ಲಿ ಅಣ್ಣತಮ್ಮರು ಕುರಿಹಿಂಡು ಹಂಚಿಕೊಳ್ಳುವಾಗ ಒಬ್ಬ ಎರಡು ಪಾಲು ಮಾಡುತ್ತಾನೆ, ಯಾವ ಪಾಲು ಬೇಕೆಂದು ಇನ್ನೊಬ್ಬ ಆರಿಸುತ್ತಾನೆ. ಪಾಲು ಮಾಡಿದವನು ಮೋಸ ಮಾಡಿದರೆ ಮೋಸ ಅವನ ಪಾಲಿಗೇ ಬರುತ್ತದೆ. ಉಸ್ತಾದರು ಬುತ್ತಿ ಹಂಚುವಾಗಲೂ ಇದನ್ನೇ ನಡೆಸುತ್ತಿದ್ದರು. ರೊಟ್ಟಿ ಒಬ್ಬ ಮುರಿಯಬೇಕು, ಮೊದಲ ತುಂಡು ಇನ್ನೊಬ್ಬ ಎತ್ತಬೇಕು. ನಾನು ಎಷ್ಟು ಸಲ ಮುರಿದಿದ್ದೇನೋ. ಆದರೂ ಅದು ನನಗೆ ತಿರುಗಿ ಬಂದ ದಿನ ನಾನು ಗುರುತಿಸಲಿಲ್ಲ.

ನನ್ನ ಸ್ವಂತ ಮನೆ ಕಟ್ಟಿದ್ದು ಮದುವೆಯಾಗಿ ನಾಲ್ಕನೇ ವರ್ಷ, ಸೊರಡಿಯಲ್ಲೇ, ದಾರಿಯಿಂದ ಕೂಗಳತೆ ದೂರದಲ್ಲಿ. ಜಾಗ ಕೊಳ್ಳುವಾಗ ಹೆಂಡತಿ ಸುರೇಖಾ ತನ್ನ ಕೈಯ ಬಂಗಾರದ ಪಾಟ್ಲಿ ಬಿಚ್ಚಿ ಕೊಟ್ಟಿದ್ದಳು. ಅದಕ್ಕೆ ಪಂಚಾಯಿತಿಯ ಉತಾರ, ಅಂದರೆ ಹಕ್ಕಿನ ಕಾಗದದ ಮೇಲೆ ಇಬ್ಬರ ಹೆಸರೂ ಬಂತು. ಹಗಲು ಬೇರೆಯವರ ಮನೆ ಕಟ್ಟಿ, ಸಂಜೆಗೆ ಬಂದು ನನ್ನದು ಕಟ್ಟುತ್ತಿದ್ದೆ. ಅವಳು ಮುಂಜಾನೆ, ಮಧ್ಯಾಹ್ನ, ಸಂಜೆ, ಪಕ್ಕದ ತೋಟದ ಬಾವಿಯಿಂದ ಕೊಡ ಹೊತ್ತು ತಂದು ನೀರು ಹೊಡೆದಳು. ಸ್ಲ್ಯಾಬಿಗೆ ಇಪ್ಪತ್ತೊಂದು ದಿನ, ಏಣಿ ಹತ್ತಿ. ಮಗಳು ಆಗ ಹೊಟ್ಟೆಯಲ್ಲಿದ್ದಳು. ವಾಸ್ತುಶಾಂತಿಯ ದಿನ ಉಸ್ತಾದರು ಬಂದು, ನೀರು ಕುಡಿದು, ಗೋಡೆ ಬಡಿದು, "ಮಲ್ಯಾ, ಈ ಗೋಡಿ ಹೊಟ್ಟಿ ತುಂಬ ನೀರ ಕುಡದೈತಿ. ಗಂಟಿ ಬಾರಿಸಿದಂಗ ಬಾರಸ್ತೈತಿ" ಅಂದರು. ನಾನು ಎದೆ ಉಬ್ಬಿಸಿ ನಿಂತೆ. ಅವರು ಸುರೇಖಾಳ ಕಡೆ ನೋಡುತ್ತಿದ್ದರು.

ಆಮೇಲಿನದು ಚಿಕ್ಕ ಮಾತಿನಲ್ಲಿ ಹೇಳುವೆ. ಹೇಳಿ ಹೆಮ್ಮೆ ಪಡುವಂಥದ್ದಲ್ಲ. ನಾನು ಕುಡಿಯುವವನಲ್ಲ, ಹೊಡೆದವನಲ್ಲ. ನನ್ನ ಚಟ ಮಾತಿನದು. ಸಾರು ಉಪ್ಪಾದರೆ, ಅವಳು ತವರಿಗೆ ಎರಡು ದಿನ ಹೆಚ್ಚು ನಿಂತರೆ, ಅವಳು ಹೊಲಿಗೆ ಕೆಲಸ ಹಿಡಿಯುವೆ ಎಂದರೆ, ಎಲ್ಲದಕ್ಕೂ ಒಂದೇ ಮಾತು ತರುತ್ತಿದ್ದೆ: ನಾ ಕಟ್ಟಿದ ಮನಿ, ನಾ ಹೇಳಿದಂಗ ನಡೀಬೇಕು. ಹತ್ತು ವರ್ಷ ಕೇಳಿದಳು. ಕೊನೆಗೆ ಒಂದು ದಿನ ಅವಳ ಅಣ್ಣ ಬಂದು ಕೂತಿದ್ದಾಗ, ಅವನ ಮುಂದೆಯೇ, "ಈ ಮನ್ಯಾಗ ನಿಂದು ಒಂದ ಇಟ್ಟಂಗಿನೂ ಇಲ್ಲ" ಅಂದುಬಿಟ್ಟೆ. ಅವಳು ಅಣ್ಣನಿಗೆ ಹಾಕಿದ ತಾಟು ತೊಳೆದಿಟ್ಟು, ಮಗಳನ್ನು ಕರೆದುಕೊಂಡು ಅವನ ಗಾಡಿಯ ಹಿಂದೆ ಕೂತು ಸನಮಡಿಯ ತವರಿಗೆ ಹೋದಳು. ಆಮೇಲೆ ಬಂದದ್ದು ಕೋರ್ಟಿನ ಕಾಗದ.

ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಇಬ್ಬರೂ ಒಪ್ಪಿದೆವು. ಒಪ್ಪದೆ ಉಳಿದದ್ದು ಮನೆ. ಮನೆ ನಾನು ಇಟ್ಟುಕೊಳ್ಳುವುದು, ಅದರ ಕಿಮ್ಮತ್ತಿನ ಅರ್ಧ ಅವಳಿಗೆ ಕೊಡುವುದು ಎಂದಾಯಿತು. ಹಾಗಾದರೆ ಮನೆಯ ಕಿಮ್ಮತ್ತು ಎಷ್ಟು? ನನ್ನ ವಕೀಲರು ಒಬ್ಬ ಇಂಜಿನಿಯರನ್ನು ಕಳಿಸಿದರು. ಆತ ಪಕ್ಕದವರ ತಿಪ್ಪೆ, ಎದುರಿನ ಗಟಾರು, ಬಣ್ಣ ಹೋದ ಹಿಂಗೋಡೆ ಇವುಗಳ ಫೋಟೋ ತೆಗೆದು ಎಂಟು ಲಕ್ಷ ಅಂತ ಬರೆದ. ಅವಳ ಕಡೆಯ ಇಂಜಿನಿಯರು ದಾರಿ, ಗೇಟು, ಕರಿಕಲ್ಲಿನ ಪಾಯದ ಫೋಟೋ ತೆಗೆದು ಹದಿನೆಂಟು ಅಂತ ಬರೆದ. ಎರಡೂ ರಿಪೋರ್ಟು ಓದಿದವರಿಗೆ ಅವು ಎರಡು ಊರಿನ ಎರಡು ಮನೆ. ಒಂದೂವರೆ ವರ್ಷ ತಾರೀಖಿನ ಮೇಲೆ ತಾರೀಖು ಬಿತ್ತು.

ಕೊನೆಗೆ ಕೋರ್ಟಿನವರು ರಾಜಿ ಮಾಡಿಸಲು ಒಬ್ಬ ವಕೀಲಬಾಯಿಯನ್ನು ಕೊಟ್ಟರು. ಅವರು ಎರಡೂ ರಿಪೋರ್ಟು ಬದಿಗೆ ಸರಿಸಿ, "ಈ ಕಾಗದ ಹೋಗಲಿ. ಮನಿ ನೋಡಿ ಇಷ್ಟು ಅಂತ ಹೇಳಾವ್ರು, ನೀವಿಬ್ರೂ ನಂಬಾವ್ರು, ಯಾರರ ಅದಾರೇನು?" ಎಂದು ಕೇಳಿದರು. ನಾನು "ಮೌಲಾಸಾಬ ಉಸ್ತಾದ್ರು" ಅಂದೆ. ಅದೇ ಗಳಿಗೆಗೆ ಸುರೇಖಾಳೂ "ಮೌಲಾಸಾಬ ಕಾಕಾ" ಅಂದಳು. ವಕೀಲಬಾಯಿ ನಕ್ಕರು. ನಾವಿಬ್ಬರೂ ನೆಲ ನೋಡಿದೆವು. ಉಸ್ತಾದರು ಹೇಳಿದ್ದೇ ಕಿಮ್ಮತ್ತು ಎಂದು ಇಬ್ಬರ ಸಹಿಯಾಯಿತು. ಎಂಟು ದಿನದ ಮೇಲೆ ಉಸ್ತಾದರು ಬರುವುದೆಂದಾಯಿತು.

ಆ ಎಂಟು ದಿನದಲ್ಲಿ ನಾನು ಏನು ಮಾಡಿದೆ ಎಂಬುದನ್ನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಉಸ್ತಾದರು ಗೋಡೆಯ ಮಾತು ಕೇಳುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಗೋಡೆ ಏನು ಹೇಳುತ್ತದೆಂದೂ ಗೊತ್ತಿತ್ತು. ಆದ್ದರಿಂದ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಚಾಣ ಸುತ್ತಿಗೆ ತೆಗೆದುಕೊಂಡು, ನಡುಮನೆಯ ಗೋಡೆಗೆ ಬಿರುಕು ಮಾಡಿದೆ. ಒಂದು ಕಿಟಕಿಯ ಮೇಲೆ, ಎರಡು ಅಡಿಗೆಮನೆಯ ಕಡೆ. ಗೋಡೆ ಗಟ್ಟಿಯಿತ್ತು. ಚಾಣ ಜಾರಿ ಜಾರಿ ಕೈಗೆ ಬಡಿಯಿತು. ನಾನು ಕಟ್ಟಿದ ಗೋಡೆಯ ಮೇಲೆ ನಾನೇ ಸಿಟ್ಟಾದೆ, ಇಷ್ಟು ಗಟ್ಟಿ ಯಾಕೆ ಆದೆ ಎಂದು. ಬಿರುಕಿಗೆ ಒಲೆಯ ಬೂದಿ ತುಂಬಿ ಹಳೆಯದರಂತೆ ಮಾಡಿದೆ. ದೂರ ನಿಂತು ನೋಡಿದೆ. ಕೆಲಸ ನೀಟಾಗಿ ಬಂದಿತ್ತು. ಖುಷಿಯೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ.

ಉಸ್ತಾದರು ಬಂದರು. ವಯಸ್ಸಾಗಿತ್ತು, ಮೊಮ್ಮಗಳು ಗಾಡಿಯ ಮೇಲೆ ಬಿಟ್ಟುಹೋದಳು. ಸುರೇಖಾ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು, ಒಳಗೆ ಬಂದಿರಲಿಲ್ಲ.

"ಬಾ ಮಗಳ, ಹೊರಗ ಯಾಕ ಕುಂತೀದಿ?"

"ನಂದೊಂದ ಇಟ್ಟಂಗಿನೂ ಇಲ್ರಿ ಕಾಕಾ ಒಳಗ" ಅಂದಳು.

ಉಸ್ತಾದರು ನನ್ನ ಕಡೆ ನೋಡಿದರು. ಅವಳ ಕೈ ಹಿಡಿದು ಒಳಗೆ ಕರೆತಂದರು. ನಾನು ನೀರು ಕೊಟ್ಟೆ, ಕುಡಿದರು. ಒಂದೊಂದೇ ಗೋಡೆ ಬಡಿಯುತ್ತ ಬಂದು ಕಿಟಕಿಯ ಮೇಲಿನ ಬಿರುಕಿನ ಹತ್ತಿರ ನಿಂತರು.

"ಇದು ಯಾರ ಕೈ?"

"ಮನಿ ಕುಂದ್ರಾಕ ಹತ್ತೈತ್ರಿ ಉಸ್ತಾದ್ರ. ಪಾಯಾ ಸಡ್ಲ ಆಗೇತಿ ಕಾಣಸ್ತೈತಿ."

"ಹೌದೇನು? ನನಗಿಂತ ಮೊದಲ ಇದು ಕುಂತತಲ್ಲ" ಅಂದರು. ಬಿರುಕಿನ ಬುಡಕ್ಕೆ ಬೆರಳಿಟ್ಟು, ತುದಿಯವರೆಗೆ ನಿಧಾನ ಎಳೆದರು. ಬೆರಳಿಗೆ ಹತ್ತಿದ ಬೂದಿಯನ್ನು ನೋಡಿ ಅಂಗಿಗೆ ಒರೆಸಿಕೊಂಡರು. ಆದರೆ ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ನನ್ನ ಕಿವಿ ಈಗ ಮೊದಲಿನಂಗ ಇಲ್ಲ ಮಲ್ಯಾ. ನೀನ ದೊಡ್ಡ ಗವಂಡಿ. ನೀನ ಹೇಳು, ಈ ಮನಿ ಕಿಮ್ಮತ್ತ ಎಷ್ಟ?" ಅಂದರು.

ಬದುಕಿದೆ ಅಂದುಕೊಂಡೆ. ಉಸ್ತಾದರು ನನ್ನ ಕಡೆಯವರೇ ಎಂದುಕೊಂಡೆ. "ಎಂಟರಿ" ಅಂದೆ. "ಬಿರಕ ನೋಡೀರಲ್ಲ, ಎಂಟೂ ಹೆಚ್ಚಾತು."

"ಖರೇ?"

"ಖರೇರಿ."

ಅವರು ಸುರೇಖಾಳ ಕಡೆ ತಿರುಗಿದರು. "ಪಾಲು ಇಂವ ಮಾಡಿದ. ಈಗ ನೀ ಆರಿಸು ಮಗಳ. ಎಂಟಕ್ಕ ನಿನ್ನ ಅರ್ಧಾ ಕೊಡ್ತೀಯೋ, ಇವನ ಅರ್ಧಾ ತಗೋತೀಯೋ?"

ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಗೋಡೆ ನೋಡಿದಳು, ಮೇಲೆ ಸ್ಲ್ಯಾಬು ನೋಡಿದಳು. "ತಗೋತೀನ್ರಿ ಕಾಕಾ. ನಮ್ಮಣ್ಣ ನಾಲ್ಕ ಹೊಂದಸ್ತಾನ."

"ಆತು, ಮುಗೀತು" ಎಂದು ಉಸ್ತಾದರು ಏಳಲು ಹೊರಟರು.

"ಹಂಗ್ಹ್ಯಾಂಗರಿ" ಅಂದೆ. ನನ್ನ ದನಿ ನನಗೇ ಬೇರೆ ಕೇಳಿತು. "ಎಂಟಕ್ಕ ಈ ಮನಿ ಎಲ್ಲಿ ಬರ್ತೈತ್ರಿ?"

"ನೀನ ಹೇಳೀದಿ."

"ಅದು ಬಿರಕ ಅದಾವಂತ ಹೇಳೀನ್ರಿ."

"ಬಿರಕಿನ ಮನಿ ಆಕಿ ಕೊರಳಿಗೆ ಬಿತ್ತು. ನಿನಗ ಚಲೋ ಆತಲ್ಲ. ನಾಳಿ ಬಿದ್ದರ ಆಕಿ ಮ್ಯಾಲೆ ಬೀಳ್ತೈತಿ."

"ಬೀಳಂಗಿಲ್ರಿ ಅದು. ಬಿರಕ ಖರೇ ಅಲ್ರಿ."

"ಮತ್ತ?"

ಹೊರಗೆ ಯಾರದೋ ಟ್ರ್ಯಾಕ್ಟರು ಹೋಗುತ್ತಿತ್ತು. ಅದು ಹೋಗಿ ಮುಗಿಯುವವರೆಗೆ ಇಬ್ಬರೂ ಕಾದರು.

"ನಾನ ಮಾಡಿದ್ರಿ."

ಇದನ್ನು ಓದುವವರು ನಾನು ಕೊನೆಗಾದರೂ ಖರೇ ಹೇಳಿದೆನಲ್ಲ ಎಂದುಕೊಳ್ಳಬಾರದು. ಅವಳ ಪಾಲು ತಿನ್ನುವ ಸಲುವಾಗಿ ಸುಳ್ಳು ಹೇಳಿದ್ದೆ, ಮನೆ ಕೈಬಿಟ್ಟು ಹೋಗುತ್ತದೆಂದು ಖರೇ ಹೇಳಿದೆ. ಎರಡೂ ಒಂದೇ ಬಾಯಿಂದ, ಒಂದೇ ಆಸೆಯಿಂದ ಬಂದವು. ಅವಳು ತೆಗೆದುಕೊಳ್ಳುವೆ ಅನ್ನದಿದ್ದರೆ ಇವತ್ತಿಗೂ ಆ ಬಿರುಕು ಮನೆ ಕುಂತು ಬಿದ್ದದ್ದೇ ಆಗಿರುತ್ತಿತ್ತು.

ಉಸ್ತಾದರು ಕಿಸೆಯಿಂದ ಗುಂಡು ತೆಗೆದು ಬಿರುಕಿನ ತುದಿಗೆ ಹಿಡಿದು ಇಳಿಬಿಟ್ಟರು. ದಾರ ಬಿರುಕಿನ ಉದ್ದಕ್ಕೂ ಕೂದಲೆಳೆ ತಪ್ಪದೆ ನಿಂತಿತು.

"ನೋಡು ಮಗಳ" ಅಂದರು. "ಮನಿ ತಾನ ಸೀಳಿದ್ರ ಕಿಡಕಿ ಮೂಲ್ಯಾಗಿಂದ ವಾರಿಯಾಗಿ ಏರ್ತೈತಿ. ಇಂವ ನೆಟ್ಟಗ ಸೀಳ್ಯಾನ. ಸುಳ್ಳ ಮಾಡಾಕ ಕುಂತಾಗೂ ವಾರಿ ಮಾಡಾಕ ಬರಲಿಲ್ಲ ಇವಗ. ನಾ ಕಲಿಸಿದ್ದು ಅಷ್ಟರ ಉಳದೈತಿ."

ಅವರು ಅದನ್ನು ಹೊಗಳಿಕೆಯಂತೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸುರೇಖಾ ಎದ್ದು ಗೋಡೆಯ ಹತ್ತಿರ ಹೋಗಿ ಬಿರುಕಿನ ಮೇಲೆ ಅಂಗೈ ಇಟ್ಟಳು. "ಏಳ ತಿಂಗಳ ಬಸರಿ ಇದ್ದೆ ಕಾಕಾ, ಇದಕ ನೀರ ಹೊಡಿಯುವಾಗ" ಅಂದಳು. ಅಷ್ಟೇ ಅಂದಳು. ನನಗೆ ಹೇಳಲಿಲ್ಲ, ಅವರಿಗೆ ಹೇಳಿದಳು.

"ಹಿಂದ ಅರ್ಧಾ ಚೀಲ ಸಿಮೆಂಟ ಐತೇನು?" ಉಸ್ತಾದರು ನನ್ನನ್ನು ಕೇಳಿದರು. "ತಾ. ಮೊದಲ ಇದನ್ನ ಮುಚ್ಚು. ಗಾಯಾ ಇಟಗೊಂಡ ಕಿಮ್ಮತ್ತ ಹೇಳಾಕ ಬರಂಗಿಲ್ಲ."

ಉಸುಕು ಸೋಸಿದೆ, ಕಲಸಿದೆ, ಅವರಿಬ್ಬರ ಎದುರಿಗೆ ನನ್ನ ಗೋಡೆಗೆ ಮೂರೂ ಕಡೆ ನಾನೇ ಗಿಲಾವು ಹಚ್ಚಿದೆ. ಸುರೇಖಾ ಎದ್ದು ಅಡಿಗೆಮನೆಗೆ ಹೋದಳು. ತನ್ನ ಹಳೆಯ ಕೊಡವನ್ನು ತಂದು ನನ್ನ ಪಕ್ಕ ಇಟ್ಟಳು. ಖಾಲಿ ಕೊಡ.

"ಈ ಸಲ ನೀರ ನೀವ ಹೊಡೀರಿ" ಅಂದಳು.

ಉಸ್ತಾದರು ಹದಿನಾಲ್ಕು ಅಂದರು. ಆಕೆಗೆ ಏಳು. ಇಬ್ಬರೂ ಒಪ್ಪಿದೆವು. "ರೊಕ್ಕ ಬ್ಯಾಡಂದ್ರ ಈಗೂ ಮನಿ ನೀ ತಗೋಬಹುದು ಮಗಳ" ಎಂದು ಅವರು ಅವಳಿಗೆ ಹೇಳಿದ್ದರು. ಅವಳು, "ಬ್ಯಾಡ್ರಿ ಕಾಕಾ. ಹತ್ತ ವರ್ಷ ಕೇಳೀನಿ, ಈ ಗೋಡ್ಯಾಗ ಇನ್ನೂ ಅದ ಮಾತ ಕೇಳಸ್ತೈತಿ" ಅಂದಳು. ಗೋಡೆಗೆ ಕಿವಿ ಹಚ್ಚುವುದು ಅವಳಿಗೂ ಬರುತ್ತಿತ್ತು. ನನಗೆ ಗೊತ್ತಿರಲಿಲ್ಲ. ವಾಯದೆಯ ದಿನ ನಾನು ದುಡ್ಡು ಕಟ್ಟಿದೆ. ಅವಳು ಸನಮಡಿಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾಳೆಂದು ಮಗಳು ಹೇಳುತ್ತಾಳೆ. ಮನೆ ನನ್ನದಾಯಿತು. ಉತಾರದ ಮೇಲೆ ಈಗ ಒಂದೇ ಹೆಸರು.

ಉಸ್ತಾದರು ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನಗೆ ಈ ಭಾಗದಲ್ಲಿ ಕೆಲಸ ಸಿಗುತ್ತಿರಲಿಲ್ಲ. ಜತ್ತದ ಸಂತೆಯಲ್ಲಿ ಯಾರೋ ನನ್ನ ಎದುರಿಗೇ ಅವರನ್ನು, "ಮಲ್ಲಪ್ಪನ ಮನಿ ವ್ಯಾಜ್ಯ ಹ್ಯಾಂಗ ಹರೀತ್ರಿ?" ಎಂದು ಕೇಳಿದಾಗ, "ಮನಿ ಭಾಳ ಚಲೋ ಕಟ್ಟ್ಯಾರ ಇಬ್ರೂ ಕೂಡಿ" ಅಂದರು. ಇಬ್ಬರೂ ಕೂಡಿ. ನಾನು ಬದನೆಕಾಯಿ ಆರಿಸುವವನಂತೆ ತಲೆ ಬಗ್ಗಿಸಿದೆ.

ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಮಾಡಗ್ಯಾಳಕ್ಕೆ ಹೋದೆ. ಮಂಚವನ್ನು ಗೋಡೆಗೆ ಹಚ್ಚಿ ಹಾಕಿದ್ದರು. ಗುಂಡು ಮೊಳೆಗೆ ತೂಗುಬಿದ್ದಿತ್ತು. ನನ್ನನ್ನು ಗುರುತಿಸಿದರು. ಕೂರಲು ಹೇಳಿದರು. ಮನೆಯವರು ಕೊಟ್ಟ ಚಹಾ ನಾನು ಕುಡಿದ ಮೇಲೆ ಒಂದೇ ಮಾತು ಕೇಳಿದರು.

"ನೀರ ಹೊಡದ್ಯಾ?"

"ಹೊಡದೇನ್ರಿ" ಅಂದೆ. "ಏಳ ದಿನಾ ಹೊಡದೇನ್ರಿ."

ಎರಡು ದಿನ ಹೊಡೆದಿದ್ದೆ. ಮೂರನೇ ದಿನ ಹೊರಗಿನ ಕೆಲಸ ಬಂತು. ಆ ಕೊಡ ಕಣ್ಣಿಗೆ ಬೀಳುವುದು ಬೇಡವಾಗಿ ಅದನ್ನು ಅಟ್ಟದ ಮೇಲೆ ಇಟ್ಟೆ. ಸಾಯುವ ಮನುಷ್ಯನಿಗೆ ಇಷ್ಟು ಸಣ್ಣ ವಿಷಯದಲ್ಲಿ ಯಾಕೆ ಸುಳ್ಳು ಹೇಳಿದೆನೋ ಈಗಲೂ ತಿಳಿಯದು. ಬಾಯಿಗೆ ರೂಢಿಯಾಗಿತ್ತು, ಅಷ್ಟೇ.

ಉಸ್ತಾದರು ಕೈ ಎತ್ತಿದರು. ಬೆರಳು ಮಡಚಲು ಕಷ್ಟವಾಯಿತು. ನಾನು ತಲೆ ಬಗ್ಗಿಸಿ ಕೊಟ್ಟೆ. ಜಡ್ಡುಗಟ್ಟಿದ ಗಂಟಿನಿಂದ ಎರಡು ಸಲ ನನ್ನ ತಲೆಗೆ ಬಡಿದರು, ಮೆಲ್ಲಗೆ. ನಾನು ಕಾದೆ. ಪೊಳ್ಳು ಅನ್ನಲಿಲ್ಲ, ತುಂಬಿದೆ ಅನ್ನಲಿಲ್ಲ. ಗೋಡೆಯ ಕಡೆ ಮಗ್ಗುಲಾದರು. ಆ ವಾರವೇ ಹೋದರು. ಮಣ್ಣು ಹಾಕುವಾಗ ಸುರೇಖಾಳ ಅಣ್ಣ ನನ್ನ ಪಕ್ಕದಲ್ಲೇ ನಿಂತಿದ್ದ.

ಅವತ್ತು ಮನೆಗೆ ಬಂದು ನಡುಬೆರಳು ಮಡಚಿ ಗೋಡೆ ಬಡಿದು ನೋಡಿದೆ. ಉಳಿದ ಗೋಡೆ ಇವತ್ತಿಗೂ ಗಂಟೆಯಂತೆ ದನಿ ಕೊಡುತ್ತದೆ. ಮೂರು ಕಡೆ ಮಾತ್ರ ಪೊಳ್ಳು. ಗಿಲಾವಿಗೆ ನೀರು ಬೇಕಾಗುವುದು ಮೊದಲ ದಿನಗಳಲ್ಲಿ. ಆ ದಿನ ದಾಟಿದ ಮೇಲೆ ಎಷ್ಟು ಹೊಡೆದರೂ ಅದು ಕುಡಿಯುವುದಿಲ್ಲ. ಇದು ಉಸ್ತಾದರು ನನಗೆ ಮೊದಲ ವರ್ಷವೇ ಕಲಿಸಿದ್ದು. ಗೊತ್ತಿದ್ದೂ ಅಟ್ಟ ಹತ್ತಿ ಕೊಡ ಇಳಿಸಿ, ತುಂಬಿಕೊಂಡು ಬಂದು ಹೊಡೆದೆ. ನೀರು ಗೋಡೆ ಹಿಡಿದು ಇಳಿದು, ನೆಲದ ಮೇಲೆ ಹರಡಿ, ಹೊಸ್ತಿಲು ದಾಟಿ ಹೊರಗೆ ಹೋಯಿತು.